ಕತೆಯಲ್ಲಿ ಏಳು ಪಾತ್ರ, ಕ್ಲಾಸಿನಲ್ಲಿ 42 ಮಕ್ಕಳು: ನಾಟಕ ಮಾಡಿಸುವುದು ಹೇಗೆ?

ಓದುಗರ ಪ್ರಶ್ನೆ: ನಾನು ಗೋಕಾಕ ಕಡೆಯ ಒಂದು ಹಳ್ಳಿಯಲ್ಲಿ ಏಳನೇ ಇಯತ್ತೆಗೆ ಕಲಿಸುತ್ತೇನೆ. ಈ ಸಲ ಶಾಲೆಯ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಸಿನಿಮಾ ಹಾಡಿನ ಡ್ಯಾನ್ಸ್ ಬಿಟ್ಟು, ಅಜ್ಜಿಯರು ಹೇಳುವಂಥ ಒಂದು ಕತೆಯನ್ನು ನಾಟಕ ಮಾಡಿಸಬೇಕು ಅಂತ ಆಸೆ. ಆದರೆ ಕತೆಯಲ್ಲಿ ಇರುವುದು ಏಳು ಪಾತ್ರ. ಕ್ಲಾಸಿನಲ್ಲಿ 42 ಮಕ್ಕಳು. ಎಲ್ಲರಿಗೂ ಪಾರ್ಟು ಬೇಕು. ಏನು ಮಾಡಲಿ?

ಉತ್ತರ: ಅಕ್ಕೋರೆ, ನಾಟಕ ಮಾಡಿಸುವ ಶಿಕ್ಷಕರೆಲ್ಲ ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಏನು ಮಾಡ್ತಾರೆ? ಚೆನ್ನಾಗಿ ಮಾತಾಡುವ ಏಳು ಮಕ್ಕಳಿಗೆ ಪಾತ್ರ ಕೊಡ್ತಾರೆ. ಉಳಿದವರಲ್ಲಿ ನಾಲ್ಕು ಜನ ಸೈನಿಕರು, ಇಬ್ಬರು ಮರ. ಮಿಕ್ಕವರು ಕೆಳಗೆ ಕೂತು ಚಪ್ಪಾಳೆ.

ನಾನು ಐದನೇ ಇಯತ್ತೆಯಲ್ಲಿ ಹಾಗೆ ಮರ ಆಗಿದ್ದೆ. ಹಸಿರು ಬಣ್ಣ ಬಳಿದ ರಟ್ಟು ಹಿಡಿದು ಅದರ ಹಿಂದೆ ನಿಂತಿದ್ದೆ. ಅವ್ವ ಹೊಲದ ಕೆಲಸ ಬಿಟ್ಟು ನಾಟಕ ನೋಡಲು ಬಂದಿದ್ದಳು. ಕತ್ತು ಎತ್ತಿ ಎತ್ತಿ ನನ್ನನ್ನು ಹುಡುಕುತ್ತಿದ್ದದ್ದು ರಟ್ಟಿನ ಸಂದಿಯಿಂದ ನನಗೆ ಕಾಣುತ್ತಿತ್ತು. ಆಕೆಗೆ ನಾನು ಕಾಣಲೇ ಇಲ್ಲ. ಆವತ್ತಿನ ಸಂಕಟ ಇನ್ನೂ ಮರೆತಿಲ್ಲ. ಬಾಗಲಕೋಟೆ ಸುತ್ತಮುತ್ತಲ ಶಾಲೆಗಳಲ್ಲಿ ನಾಟಕ ಮಾಡಿಸುವಾಗ ಒಂದೇ ಒಂದು ಮಗುವನ್ನೂ ರಟ್ಟಿನ ಹಿಂದೆ ನಿಲ್ಲಿಸುವುದಿಲ್ಲ.

ಪಾತ್ರ ಎಣಿಸಬೇಡಿ. ಕತೆಯಲ್ಲಿ ಏನೇನು ಆಗುತ್ತದೆ, ಅದನ್ನು ಎಣಿಸಿ.

ಹೂವಿನ ಮರವಾಗುವ ಹುಡುಗಿಯ ಕತೆಯನ್ನೇ ತೆಗೆದುಕೊಳ್ಳೋಣ. ನಿಮ್ಮ ಕ್ಲಾಸಿಗೆ ಇದು ಸರಿಯಾದ ಕತೆ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ ಜನರ ಬಾಯಿಂದ ಕತೆ ಕೇಳಿ ಬರೆದುಕೊಳ್ಳುತ್ತಿದ್ದರು. ಮುಂದೆ ಅವರು ಇಂಗ್ಲಿಷಿಗೆ ತಂದ ಕನ್ನಡದ ಕತೆಗಳಲ್ಲಿ ಇದೂ ಒಂದು. ಕೂಲಿ ಮಾಡಿ ಬದುಕುವ ಮುದುಕಿ, ಆಕೆಗೆ ಇಬ್ಬರು ಹೆಣ್ಣುಮಕ್ಕಳು. ಅವ್ವನ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಎರಡು ಕೊಡ ನೀರು ತರಲು ಹೇಳುತ್ತಾಳೆ. ನೀರಿಗೆ ಉಗುರು ತಾಗಬಾರದು. ಒಂದು ಕೊಡ ಸುರಿದರೆ ಅವಳು ಹೂವಿನ ಮರ. ಟೊಂಗೆ ಮುರಿಯದ ಹಾಗೆ ಹೂ ಬಿಡಿಸಿಕೊಂಡು ಎರಡನೇ ಕೊಡ ಸುರಿದರೆ ಮತ್ತೆ ಹುಡುಗಿ. ಆ ಹೂ ಮಾರಿ ಮನೆ ನಡೆಯುತ್ತದೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ನಾದಿನಿ ಹಟ ಹಿಡಿದು, ತೋಟದಲ್ಲಿ ಗೆಳತಿಯರ ಎದುರು ಮರವಾಗಿಸಿ, ಟೊಂಗೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡಿಬಿಡುತ್ತಾಳೆ. ಹುಡುಗಿ ಕೈಕಾಲಿಲ್ಲದೆ ಅರ್ಧ ದೇಹವಾಗಿ ಉಳಿಯುತ್ತಾಳೆ. ಕೊನೆಗೆ ರಾಜಕುಮಾರನೇ ತನ್ನ ದೊಡ್ಡಕ್ಕನ ಊರಲ್ಲಿ ಅವಳನ್ನು ಕಂಡು, ನೀರು ಸುರಿದು ಮರವಾಗಿಸಿ, ಮುರಿದ ಟೊಂಗೆ ಸರಿಮಾಡಿ, ಮತ್ತೆ ಹುಡುಗಿಯಾಗಿಸುತ್ತಾನೆ.

ಈಗ ನೋಡಿ, ಇಲ್ಲಿ ಎಷ್ಟು ಕೆಲಸ ಇದೆ! ಮರ ಒಬ್ಬರಿಂದ ಆಗುವುದಿಲ್ಲ, 12 ಮಕ್ಕಳು ಬೇಕು. ಹುಡುಗಿ ನಡುವೆ ಕೂರುತ್ತಾಳೆ. ಕೊಡ ಬಗ್ಗಿಸುತ್ತಿದ್ದ ಹಾಗೆ ಸುತ್ತಲೂ ಕುಕ್ಕರಗಾಲಲ್ಲಿ ಕೂತ ಮಕ್ಕಳು ನಿಧಾನಕ್ಕೆ ಏಳುತ್ತಾರೆ. ಒಬ್ಬರ ಹಿಂದೆ ಒಬ್ಬರು, ಕೈ ಮೇಲೆ ಕೈ. ಮುಚ್ಚಿದ ಮುಷ್ಟಿಯಲ್ಲಿ ಸೇವಂತಿಗೆ ಇರಲಿ. ಕೊನೆಯ ಹನಿ ಬಿದ್ದಾಗ 24 ಮುಷ್ಟಿ ಒಟ್ಟಿಗೆ ಬಿಚ್ಚಬೇಕು. ಕೊಡ ಖಾಲಿಯೇ ಇರಲಿ, ನಿಜವಾದ ನೀರು ಬೇಡ, ವೇದಿಕೆ ಜಾರುತ್ತದೆ. ನೀರಿನ ಸದ್ದನ್ನು ಪಕ್ಕದಲ್ಲಿ ಕೂತ ಮಕ್ಕಳು ನಾಲಿಗೆಯಿಂದ, ಬೆರಳಿನಿಂದ ಮಾಡಲಿ. ಇದನ್ನು ನಾನು ಎಷ್ಟು ಸಲ ಮಾಡಿಸಿದ್ದೇನೋ ಲೆಕ್ಕವಿಲ್ಲ. ಮುಷ್ಟಿ ಬಿಚ್ಚುವ ಆ ಗಳಿಗೆಗೆ ಜನ ಪ್ರತಿ ಸಲವೂ ಉಸಿರು ಹಿಡಿಯುತ್ತಾರೆ.

ಟೊಂಗೆ ಮುರಿಯುವ ದೃಶ್ಯಕ್ಕೆ ಜಾಸ್ತಿ ದಿನ ಕೊಡಿ. ನಾದಿನಿ, ಅವಳ ಎಂಟು ಗೆಳತಿಯರು. ಯಾರೂ ಯಾರನ್ನೂ ಎಳೆಯಬಾರದು. ಗೆಳತಿ ಗಾಳಿಯಲ್ಲಿ ಕೈ ಬೀಸಿದರೆ ಸಾಕು, ಟೊಂಗೆಯಾದ ಮಗು ತಾನೇ ಕೈ ಬೀಳಿಸಬೇಕು. ಜತೆಗೆ ಹಿಂದಿನಿಂದ ಒಣ ಕಡ್ಡಿ ಮುರಿದ ಒಂದು ಸದ್ದು. ಅಷ್ಟೇ. ಮಕ್ಕಳಿಗೆ ಈ ದೃಶ್ಯ ತಕ್ಷಣ ಅರ್ಥವಾಗುತ್ತದೆ. ಹೂ ಬಿಡಿಸುವುದು ಬೇರೆ, ಕಿತ್ತುಕೊಳ್ಳುವುದು ಬೇರೆ ಅಂತ ನೀವು ಪಾಠ ಮಾಡುವುದೇ ಬೇಡ. ಕೆಲವರು ಈ ಭಾಗ ಮಕ್ಕಳಿಗೆ ಬೇಡ, ತೆಗೆದುಬಿಡಿ ಅನ್ನುತ್ತಾರೆ. ದಯವಿಟ್ಟು ತೆಗೆಯಬೇಡಿ. ನೋವು ತೆಗೆದರೆ ಕೊನೆಯಲ್ಲಿ ಅವಳು ಮತ್ತೆ ಎದ್ದು ನಿಲ್ಲುವುದಕ್ಕೆ ಬೆಲೆ ಎಲ್ಲಿರುತ್ತದೆ?

ಮರಕ್ಕೆ 12, ನಾದಿನಿಯ ಗುಂಪಿಗೆ ಒಂಬತ್ತು, ಒಟ್ಟು 21 ಆಯಿತು. ಇನ್ನು ಮೇಳ. ನೀವು ಇರುವುದು ಪಾರಿಜಾತ ಬಯಲಾಟದ ಸೀಮೆ, ಅಕ್ಕೋರೆ! ಕುಲಗೋಡ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ್ದು ನಿಮ್ಮ ಪಕ್ಕದಲ್ಲೇ. ಆ ಆಟದಲ್ಲಿ ಭಾಗವತ ಹಾಡುತ್ತಾನೆ, ಮೇಳ ಎತ್ತಿಕೊಳ್ಳುತ್ತದೆ, ಪಾತ್ರದ ಜತೆ ಅವನೇ ಮಾತಿಗೂ ಇಳಿಯುತ್ತಾನೆ. ಶಾಲೆಯ ನಾಟಕಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. 12 ಮಕ್ಕಳ ಮೇಳ ಮಾಡಿ. ಒಂದು ಹಾರ್ಮೋನಿಯಂ, ಒಂದು ದಪ್ಪು, ಎರಡು ಜೋಡಿ ತಾಳ ಸಾಕು. ಊರಲ್ಲಿ ಭಜನಾ ಮಂಡಳಿ ಇದ್ದೇ ಇರುತ್ತದೆ, ಹಾರ್ಮೋನಿಯಂ ಬಾರಿಸುವ ಹಿರಿಯರನ್ನು ಹೋಗಿ ಕರೆಯಿರಿ. ಖುಷಿಯಿಂದ ಬರುತ್ತಾರೆ. ಮೇಳದವರನ್ನು ಪರದೆಯ ಹಿಂದೆ ಕೂರಿಸಬೇಡಿ. ವೇದಿಕೆಯ ಮೇಲೇ, ಬಲಗಡೆ, ಜನರಿಗೆ ಮುಖ ಕಾಣುವ ಹಾಗೆ ಕೂರಲಿ.

ಹೂವಿನ ಹುಡುಗಿಯ ಪಾರ್ಟು ನನಗೇ ಬೇಕು ಅಂತ ಐದು ಹುಡುಗಿಯರು ಕೇಳುತ್ತಾರೆ, ಅಲ್ವಾ? ಐವರಿಗೂ ಕೊಡಿ. ಮನೆಯಲ್ಲಿ ಒಬ್ಬಳು, ಹೂ ಮಾರುವಾಗ ಒಬ್ಬಳು, ಮದುವೆಗೆ ಒಬ್ಬಳು, ತೋಟದಲ್ಲಿ ಒಬ್ಬಳು, ಕೊನೆಗೆ ಒಬ್ಬಳು. ಗುಳೇದಗುಡ್ಡದ ಒಂದು ಖಣ (ರವಿಕೆ ಬಟ್ಟೆ) ತನ್ನಿ, ಕೆಂಪು ಬಣ್ಣದ್ದು. ಅದು ಯಾರ ಹೆಗಲ ಮೇಲಿದೆಯೋ ಅವಳೇ ಹೂವಿನ ಹುಡುಗಿ. ದೃಶ್ಯ ಮುಗಿದಾಗ ಒಬ್ಬಳು ಇನ್ನೊಬ್ಬಳ ಹೆಗಲಿಗೆ ಹಾಕುತ್ತಾಳೆ. ಭಾಗವತ ಕೇಳುತ್ತಾನೆ, "ನೀ ಯಾರವಾ?" ಹೊಸಬಳು ಹೇಳುತ್ತಾಳೆ, "ನಾನs ರೀ, ಆ ಹೂವಿನ ಹುಡುಗಿ." ಜನ ಒಪ್ಪಿಕೊಳ್ಳುತ್ತಾರೆ. ಐವರನ್ನು ಸೇರಿಸಿದರೆ 38. ಅವ್ವ, ಅಕ್ಕ, ರಾಜ, ರಾಜಕುಮಾರ ಬಂದರೆ 42 ಭರ್ತಿ. ರಾಜಕುಮಾರನ ದೊಡ್ಡಕ್ಕನ ಊರು ಕೊನೆಗೆ ಬರುತ್ತದೆ, ಆ ದೊಡ್ಡಕ್ಕನನ್ನು ಮೇಳದಿಂದ ಒಬ್ಬಳು ಎದ್ದು ಬಂದು ಮಾಡಲಿ.

ಮಾತಿನ ವಿಷಯ. ಮೊದಲ ವಾರ ಏನನ್ನೂ ಬರೆದುಕೊಡಬೇಡಿ. ಕತೆ ಹೇಳಿ, ಮನೆಗೆ ಹೋಗಿ ಅಜ್ಜಿಗೆ ಹೇಳಿ ಬರಲು ಕಳಿಸಿ. ಮರುದಿನ ಮಕ್ಕಳ ಬಾಯಲ್ಲಿ ಬಂದ ಮಾತನ್ನೇ ಬರೆದುಕೊಳ್ಳಿ. "ಸಹೋದರಿ, ಜಲವನ್ನು ಸುರಿ" ಅಂತ ಯಾವ ತಂಗಿ ಹೇಳುತ್ತಾಳೆ? "ಅಕ್ಕಾ, ಸಾವಕಾಶ ಹಾಕs, ಟೊಂಗಿ ಮುರೀಬ್ಯಾಡ" ಅಂದರೆ ಆ ಮಾತಿಗೆ ಜೀವ ಬರುತ್ತದೆ. ತಮ್ಮ ಮಾತಾದರೆ ಮಕ್ಕಳು ಮರೆಯುವುದೂ ಕಡಿಮೆ.

ಮಾತನ್ನು ಮೊದಲೇ ರೆಕಾರ್ಡ್ ಮಾಡಿ ತುಟಿ ಆಡಿಸುವುದು ಮಾತ್ರ ಬೇಡವೇ ಬೇಡ. ಒಂದು ಶಾಲೆಯಲ್ಲಿ ಹಾಗೆ ಮಾಡಿದ್ದರು, ನಡುವೆ ಕರೆಂಟ್ ಹೋಯಿತು. 30 ಮಕ್ಕಳು ಕತ್ತಲಲ್ಲಿ ಸುಮ್ನೆ ನಿಂತರು. ಅವರಿಗೆ ಮಾತು ಗೊತ್ತೇ ಇರಲಿಲ್ಲ. ಎರಡು ಮೈಕ್ ಇದ್ದರೆ ಒಂದು ಮೇಳಕ್ಕೆ, ಒಂದು ವೇದಿಕೆಯ ಮುಂದೆ ನಡುವೆ ಇಡಿ. ಮಾತಾಡುವವರು ಅಲ್ಲಿಗೆ ಬಂದು, ನಿಂತು, ಆಮೇಲೆ ಮಾತಾಡಲಿ. ನಡೆಯುತ್ತಾ ಮಾತಾಡಿದರೆ ಗಾಳಿಗೆ ಹೋಗುತ್ತದೆ.

ವೇಷಕ್ಕೆ ಬಾಡಿಗೆ ಕಿರೀಟ ತರಬೇಡಿ, ಪಾಲಕರಿಗೆ ಭಾರ. ಶಾಲೆಯ ಯೂನಿಫಾರ್ಮ್ ಮೇಲೆ ಒಂದೊಂದು ಬಟ್ಟೆ ಸಾಕು. ರಾಜನಿಗೆ ಅಜ್ಜನ ರುಮಾಲು. ಮರಕ್ಕೆ ಮನೆಯಿಂದ ತಂದ ಹಸಿರು ಇಳಕಲ್ ಸೀರೆ, ಮಕ್ಕಳು ಅದನ್ನು ಹೆಗಲ ಮೇಲೆ ಹೊದ್ದು ಎದ್ದರೆ ಕೆಂಪು ಸೆರಗು ಮೇಲೆ ಬಂದು ಹೂ ಬಿಟ್ಟ ಹಾಗೇ ಕಾಣುತ್ತದೆ.

ತಾಲೀಮಿಗೆ ದಿನಕ್ಕೆ 40 ನಿಮಿಷದಂತೆ ಮೂರೂವರೆ ವಾರ ಇಟ್ಟುಕೊಳ್ಳಿ. ನಾಟಕ 20 ನಿಮಿಷ ದಾಟದಿರಲಿ.

ಇನ್ನು ನಿಮ್ಮ ಕ್ಲಾಸಿನಲ್ಲಿ ಬಾಯಿಯೇ ಬಿಡದ ಒಂದು ಮಗು ಇರುತ್ತದೆ. ಅಕ್ಕನ ಪಾರ್ಟು ಅವಳಿಗೆ ಕೊಡಿ. ಮಾತು ತೀರಾ ಕಡಿಮೆ, ಬೇಕಾದರೆ ಅದನ್ನೂ ಮೇಳಕ್ಕೆ ಬಿಡಬಹುದು. ಕೊಡ ಎತ್ತಿಕೊಂಡು ಬರಬೇಕು, ಉಗುರು ತಾಗದ ಹಾಗೆ ಹಿಡಿಯಬೇಕು, ನಿಧಾನಕ್ಕೆ ಬಗ್ಗಿಸಬೇಕು. ಅವಳು ಬಗ್ಗಿಸುವ ತನಕ 12 ಮಕ್ಕಳು ಮುಷ್ಟಿ ಮುಚ್ಚಿಕೊಂಡು ಅವಳನ್ನೇ ನೋಡುತ್ತಾ ಕಾಯುತ್ತಿರುತ್ತಾರೆ.