ಹೇಳಿದನೋ, ಹೇಳಿದರೋ?

ಕಾಸರಗೋಡಿನಲ್ಲಿ ಕೂತು ಕನ್ನಡ ಸುದ್ದಿ ತಿದ್ದುವ ನಮಗೆ ಅರ್ಧ ಸುದ್ದಿ ಮಲಯಾಳದಿಂದ ಬರುತ್ತದೆ, ಇನ್ನರ್ಧ ಇಂಗ್ಲಿಷಿನಿಂದ. ಮಲಯಾಳದಲ್ಲಿ 'ಪರಞ್ಞು' ಅಂದರೆ ಮುಗಿಯಿತು. ಕಲೆಕ್ಟರ್ ಹೇಳಿದರೂ ಅದೇ, ಕಳ್ಳ ಹೇಳಿದರೂ ಅದೇ. ಕ್ರಿಯಾಪದಕ್ಕೆ ಬಾಲ ಇಲ್ಲ. ಕನ್ನಡದಲ್ಲಿ 'ಹೇಳಿದ'ನೋ 'ಹೇಳಿದರು'ವೋ ಅಂತ ನಾವೇ ತೀರ್ಮಾನ ಮಾಡಬೇಕು. ನಮ್ಮ ತಾರತಮ್ಯ ಬೈಗುಳದಲ್ಲಿರುವುದಕ್ಕಿಂತ ಜಾಸ್ತಿ ಆ ಬಾಲದಲ್ಲಿದೆ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತರು. ಪೊಲೀಸ್ ಅಧಿಕಾರಿ ಡೆರೆಕ್ ಶೋವಿನ್ ಒಂಬತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಅವರ ಕುತ್ತಿಗೆ ಮೇಲೆ ಮಂಡಿ ಊರಿದ್ದರು. ಅಲ್ಲಿನ ಪೊಲೀಸರ ಮೊದಲ ಹೇಳಿಕೆಯಲ್ಲಿ ಮಂಡಿಯ ಸುದ್ದಿಯೇ ಇಲ್ಲ, 'ವೈದ್ಯಕೀಯ ಘಟನೆ' ಅಂತಿತ್ತು. ಜಾಣರು! ಆದರೆ ನಾನೇನು ಕಡಿಮೆ? ನಾನು ತಿದ್ದಿ ಕಳಿಸಿದ ಸಾಲು ಇದು: 'ಅಧಿಕಾರಿ ಮಂಡಿ ಊರಿದ್ದರು, ಕರಿಯ ವ್ಯಕ್ತಿ ಮೃತಪಟ್ಟ.' ಊರಿದವರಿಗೆ ಬಹುವಚನ, ಸತ್ತವರಿಗೆ ಏಕವಚನ. ಇಂಗ್ಲಿಷ್ ಮೂಲದಲ್ಲಿ ಈ ಭೇದ ಇರಲಿಲ್ಲ. ಸುಮ್ನೆ ನನ್ನ ಕೈ ತಾನಾಗಿ ಸೇರಿಸಿತ್ತು. 'ಕರಿಯ' ಅಂತ ನಮ್ಮೂರಲ್ಲಿ ನಾಯಿಗೆ ಹೆಸರಿಡುತ್ತಾರೆ, ಅದೂ ಆಗ ಹೊಳೆಯಲಿಲ್ಲ. 2021ರ ಏಪ್ರಿಲ್‌ನಲ್ಲಿ ಶೋವಿನ್ ಅಪರಾಧಿ ಅಂತ ತೀರ್ಪು ಬಂದಾಗ ಹಳೆ ಪ್ರತಿ ತೆಗೆದು ನೋಡಿ ನಾಚಿಕೆಯಾಯಿತು. ಈಗ ಇಬ್ಬರಿಗೂ ಒಂದೇ ಬಾಲ.

ಅಮೆರಿಕದ ವಿಷಯಕ್ಕೆ ಮರುಗುವುದು ಸುಲಭ. ಮಂಜೇಶ್ವರದ ಕಡೆಯಿಂದ ಒಮ್ಮೆ ಒಂದು ವರದಿ ಬಂತು. 'ಕೊರಗ ಯುವತಿಯಾದರೂ ಎಂ.ಎ. ಮುಗಿಸಿದ್ದಾಳೆ.' ಕೊರಗರು ಅಂದರೆ ನಮ್ಮ ಕರಾವಳಿಯ, ಅಸ್ಪೃಶ್ಯತೆಗೆ ಗುರಿಯಾದ ಬುಡಕಟ್ಟಿನವರು. ನಾನು 'ಆದರೂ'ಗೆ ಸುತ್ತು ಹಾಕಿದೆ.

"ಹೊಗಳಿಯೇ ಬರೆದದ್ದು ಅಲ್ವಾ ಸರ್?" ಅಂದರು ವರದಿಗಾರರು.

"ಮೇಷ್ಟರ ಮಗಳು ಪಾಸಾದರೆ 'ಮೇಷ್ಟರ ಮಗಳಾದರೂ' ಅಂತ ಬರೀತೀರಾ?"

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಯ್ಯುವ ಮಾತನ್ನು ಯಾರೂ ಅಚ್ಚಿಗೆ ಕಳಿಸುವುದಿಲ್ಲ. ಹೊಗಳುವಾಗಲೇ ಒಳಗಿನದು ಹೊರಗೆ ಬರುವುದು. 'ಕಪ್ಪಗಿದ್ದರೂ ಲಕ್ಷಣ' ಅಂತ ಹೆಣ್ಣು ನೋಡಿ ಬಂದವರು ಹೇಳುವುದಿಲ್ಲವೇ, ಹಾಗೆ.

'ಆಚರಣೆ' ಎಂಬ ಪದವೂ ಹಾಗೆಯೇ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲನ್ನು ಕರ್ನಾಟಕ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಬರೆಯುವವರು ಮಾತ್ರ ಇನ್ನೂ 'ಅಜಲು ಆಚರಣೆ' ಅನ್ನುತ್ತಾರೆ, ಹಬ್ಬದ ಹಾಗೆ. ನಾನು 'ಹಿಂಸೆ' ಅಂತ ತಿದ್ದುತ್ತೇನೆ. ಕೆಲವರಿಗೆ ಇಷ್ಟವಾಗುವುದಿಲ್ಲ.

ಕೇರಳ ಸರ್ಕಾರದ ಕಾಗದದಲ್ಲಿ 'ಅತಿಥಿ ಕಾರ್ಮಿಕ' ಅಂತಿದೆ. ಬಸ್ ಸ್ಟ್ಯಾಂಡಿನಲ್ಲಿ ಅಸ್ಸಾಮಿನವರೂ ಒಡಿಶಾದವರೂ ಎಲ್ಲ 'ಬಂಗಾಳಿ'ಗಳೇ. ಮೊನ್ನೆ ರಾತ್ರಿ ಒಂದು ಶೀರ್ಷಿಕೆ ಬಂತು: 'ಬಾವಿಗೆ ಬಿದ್ದ ಮಗು ರಕ್ಷಿಸಿದ ಬಂಗಾಳಿ.' ಊರು ಕೇಳಿಸಿದೆ. ಅಸ್ಸಾಂ. 'ಮಗು ರಕ್ಷಿಸಿದರು ಅಸ್ಸಾಂ ಕಾರ್ಮಿಕ' ಅಂತ ಮಾಡಿದೆ. ಪುಟ ಕಟ್ಟುವ ಹುಡುಗ ಬಂದು ನಿಂತ.

"ಸರ್, ಆ 'ರು' ತೆಗೀಲಾ? ಜಾಗ ಸಾಲ್ತಿಲ್ಲ."

ಅಕ್ಷರದ ಸೈಜ್ ಇಳಿಸು ಅಂದೆ.