ಕುಲುಮೆಯ ಧೂಳು: ಕಣದ ಗಾತ್ರವೇ ಅದರ ಹುಟ್ಟು ಹೇಳುತ್ತದೆ

ಉಕ್ಕಿನ ಕುಲುಮೆಯಿಂದ ಏಳುವ ಕಂದು ಹೊಗೆಯನ್ನು ನಾವು ಸುಮ್ನೆ ಹೊಗೆ ಎಂದುಬಿಡುತ್ತೇವೆ. ಅದಕ್ಕೆ ಆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡ್ ಕಣಗಳು. ಅಂದರೆ ಅದು ಧೂಳೇ. ಪ್ರತಿ ಕಣದ ಗಾತ್ರ ನೋಡಿ, ಅದು ಹೇಗೆ ಹುಟ್ಟಿತು ಎಂದು ಊಹಿಸಬಹುದು. ಇಷ್ಟು ಹಿಡಿದುಕೊಂಡರೆ ಉಳಿದ ಪಾಠ ಸಲೀಸು.

ವಿದ್ಯುತ್ ಆರ್ಕ್ ಕುಲುಮೆಯನ್ನು, ಅಂದರೆ ವಿದ್ಯುತ್ ಕಿಡಿಯ ಬಿಸಿಯಿಂದ ಕರಗಿಸುವ ಕುಲುಮೆಯನ್ನು, ನೋಡೋಣ. ಇಲ್ಲಿ ಹೆಚ್ಚಾಗಿ ಗುಜರಿ ಕಬ್ಬಿಣ ಕರಗಿಸುತ್ತಾರೆ. ಒಂದು ಟನ್ ಉಕ್ಕಿಗೆ ಸುಮಾರು 10ರಿಂದ 20 ಕಿಲೋ ಧೂಳು ಬರುತ್ತದೆ.

ಗುಜರಿ, ಸುಣ್ಣ, ಕಲ್ಲಿದ್ದಲ ಪುಡಿ ಸುರಿಯುವಾಗ ಏಳುವುದು ಒರಟು ಧೂಳು. ರಾಗಿ ತೂರುವಾಗ ಹೊಟ್ಟು ಹಾರುತ್ತದಲ್ವಾ, ಹಾಗೆ. ಮೊದಲೇ ಇದ್ದ ಪುಡಿಯನ್ನು ಬಿಸಿಗಾಳಿ ಎತ್ತಿಕೊಂಡು ಹೋಗುತ್ತದೆ. 10 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಇದರಲ್ಲಿ ಜಾಸ್ತಿ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸೈಕ್ಲೋನಿನಲ್ಲಿ, ಅಂದರೆ ಗಾಳಿಯನ್ನು ಗಿರಗಿರನೆ ತಿರುಗಿಸಿ ಧೂಳು ಬೇರ್ಪಡಿಸುವ ಪಾತ್ರೆಯಲ್ಲಿ, ಸುತ್ತಿಸಿದರೆ ಈ ಕಣಗಳು ಬಿದ್ದುಬಿಡುತ್ತವೆ.

ನಿಜವಾದ ಕಷ್ಟ ಆವಿಯಿಂದ ಹುಟ್ಟುವ ಧೂಳಿನದು. ಕರಗಿದ ಉಕ್ಕಿನ ಬಿಸಿ ಸುಮಾರು 1600 ಡಿಗ್ರಿ ಸೆಲ್ಸಿಯಸ್. ಸತು ಕುದಿಯಲು 907 ಡಿಗ್ರಿ ಸಾಕು. ಸತು ಲೇಪಿಸಿದ ಹಳೆಯ ತಗಡು ಗುಜರಿಯಲ್ಲಿ ಬಂದರೆ, ಸತು ಆವಿಯಾಗಿ ಮೇಲೇಳುತ್ತದೆ. ಅಲ್ಲಿ ಆಮ್ಲಜನಕ ಸೇರಿ, ತಣ್ಣಗಾಗಿ, ಪುಡಿಯಾಗುತ್ತದೆ. ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ತೆಗೆಯುವುದನ್ನು ನೆನೆಯಿರಿ. ಎಣ್ಣೆಯಲ್ಲಿ ಆ ಕರಿ ಪುಡಿ ಇರಲಿಲ್ಲ, ಉರಿಯಲ್ಲೇ ಹುಟ್ಟಿತು. ಹೀಗೆ ಹುಟ್ಟಿದ ಕಣಗಳು ಹೆಚ್ಚಾಗಿ 1 ಮೈಕ್ರಾನ್‌ಗಿಂತ ಸಣ್ಣವು. ಸೈಕ್ಲೋನಿಗೆ ಸಿಗುವುದಿಲ್ಲ. ಅನಿಲವನ್ನು ತಣಿಸಿ ಬಟ್ಟೆಚೀಲದ ಫಿಲ್ಟರಿಗೆ ಕಳಿಸಬೇಕು.

ಇಲ್ಲಿ ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕಬ್ಬಿಣ ಕುದಿಯಲು ಸುಮಾರು 2860 ಡಿಗ್ರಿ ಬೇಕು. ಹಾಗಿದ್ದರೂ ಧೂಳಿನಲ್ಲಿ ಇಷ್ಟೊಂದು ಕಬ್ಬಿಣ ಎಲ್ಲಿಂದ? ಆರ್ಕ್ ತಾಗುವ ಜಾಗ ವಿಪರೀತ ಬಿಸಿ, ಅಲ್ಲಿ ಸ್ವಲ್ಪ ಆವಿಯಾಗುತ್ತದೆ. ಆದರೆ ದೊಡ್ಡ ಪಾಲು ಗುಳ್ಳೆಗಳದು. ಕರಗಿದ ಉಕ್ಕಿನೊಳಗೆ ಇಂಗಾಲಕ್ಕೆ ಆಮ್ಲಜನಕ ಸೇರಿ ಕಾರ್ಬನ್ ಮೊನಾಕ್ಸೈಡ್ ಗುಳ್ಳೆಗಳು ಏಳುತ್ತವೆ. ಮೇಲೆ ಬಂದು ಒಡೆಯುತ್ತವೆ. ಸೋಡಾ ಲೋಟದ ಮೇಲೆ ಮುಖ ಬಾಗಿಸಿದರೆ ಮೂಗಿಗೆ ಹನಿ ಚಿಮ್ಮುತ್ತದಲ್ಲ, ಅದೇ ಇದು. ಚಿಮ್ಮಿದ ಉಕ್ಕಿನ ಹನಿ ಗಾಳಿಯಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಗೋಲಿಯಂಥ ದುಂಡನೆಯ ಕಣ ಕಂಡರೆ, ಅದು ಒಮ್ಮೆ ಹನಿಯಾಗಿತ್ತು ಎಂದು ಬರೆದುಕೊಳ್ಳಿ.

ಹಿತ್ತಾಳೆ ಎರಕದ ಮೂಸೆಯ ಮೇಲೆ ಏಳುವ ಬಿಳಿ ಹೊಗೆಯೂ ಸತುವಿನ ಆಕ್ಸೈಡೇ. ಅದನ್ನು ಉಸಿರಾಡಿದ ಕೆಲಸಗಾರರಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ ಬರುತ್ತದೆ. ಒಂದೆರಡು ದಿನದಲ್ಲಿ ಇಳಿದರೂ, ಮತ್ತೆ ಹೊಗೆ ಕುಡಿದರೆ ಮತ್ತೆ ಬರುತ್ತದೆ. ಹೊಗೆ ಎಳೆಯುವ ಕೊಳವೆಯ ಬಾಯಿ ಮೂಸೆಗೆ ಆದಷ್ಟು ಹತ್ತಿರ ಇರಬೇಕು. ಕೆಲಸಗಾರನ ಮೂಗು ಮುಟ್ಟುವ ಮೊದಲೇ ಹೊಗೆ ಅದರೊಳಗೆ ಹೋಗಬೇಕು.