‘ಧನ್ಯವಾದ’ ಅಂತ ಬಂದರೆ ಆರ್ಡರ್ ಬಂದಂತಲ್ಲ

“ಸರ್, ವೆಬ್‌ಸೈಟ್ ರೆಡಿ ಐತ್ರಿ. ಎಐ ಕಡೆಯಿಂದ ಮಾಡಿಸೀನಿ, ಡೊಮೈನ್ ಒಂದು ಹಾಕಿಕೊಡ್ರಿ ಸಾಕು.” ಬಳ್ಳಾರಿಯ ಜೀನ್ಸ್ ಹೊಲಿಸುವವರು, ಗಂಗಾವತಿಯ ಅಕ್ಕಿ ವ್ಯಾಪಾರಿಗಳು, ಕಿನ್ನಾಳದ ಗೊಂಬೆ ಮಾರುವವರು, ಯಾರೇ ಬಂದರೂ ಈಚೆಗೆ ಮಾತು ಶುರುವಾಗುವುದೇ ಹೀಗೆ. ಈ ಉತ್ಸಾಹ ನನಗೆ ಇಷ್ಟ. ಲವಬಲ್, ಬೋಲ್ಟ್‌ನಂಥ ಎಐ ಟೂಲ್‌ಗಳು ಕಟ್ಟಿಕೊಡುವ ಪುಟವೂ ನೋಡಲು ಚೆನ್ನಾಗಿಯೇ ಇರುತ್ತದೆ. ನನ್ನ ತಕರಾರೆಲ್ಲ ಅದರೊಳಗಿನ ಆರ್ಡರ್ ಫಾರ್ಮ್ ಬಗ್ಗೆ.

ಹೆಸರು, ಮೊಬೈಲ್ ನಂಬರ್, ಸೈಜು, ಎಷ್ಟು ಪೀಸು ಎಂದು ತುಂಬಿ ಬಟನ್ ಒತ್ತಿದರೆ ‘ಧನ್ಯವಾದ, ನಿಮ್ಮ ಆರ್ಡರ್ ಬಂದಿದೆ’ ಎಂಬ ಹಸಿರು ಪಟ್ಟಿ ಬರುತ್ತದೆ. ಎಲ್ಲಿಗೆ ಬಂತು? ಕೋಡ್ ತೆಗೆದು ನೋಡಿದರೆ ಎಷ್ಟೋ ಸಲ, ಬಟನ್ ಒತ್ತಿದಾಗ ಆ ಪಟ್ಟಿ ತೋರಿಸು ಎಂದಷ್ಟೇ ಬರೆದಿರುತ್ತದೆ. ಪುಟ ರಿಫ್ರೆಶ್ ಆದರೆ ತುಂಬಿದ್ದೆಲ್ಲ ಹೋಯಿತು. ಇಲ್ಲವೇ ವಿವರ ‘ಲೋಕಲ್ ಸ್ಟೋರೇಜ್’ನಲ್ಲಿ ಇರುತ್ತದೆ, ಅಂದರೆ ಆರ್ಡರ್ ಹಾಕಿದವರ ಫೋನಿನ ಬ್ರೌಸರ್‌ನಲ್ಲಿ. ಸಿಂಧನೂರಿನ ಗಿರಾಕಿ ಹಾಕಿದ್ದು ಅವರ ಫೋನಿನಲ್ಲೇ ಉಳಿಯುತ್ತದೆ, ಬಳ್ಳಾರಿಯ ಅಂಗಡಿಯವರಿಗೆ ಅದರ ಸುಳಿವೂ ಸಿಗುವುದಿಲ್ಲ. ಹೆಚ್ಚು ಮೋಸ ಮಾಡುವುದು ಈ ಎರಡನೆಯದು. ಮಾಲೀಕರು ತಮ್ಮ ಫೋನಿನಲ್ಲೇ ಆರ್ಡರ್ ಹಾಕಿ, ಅದೇ ಫೋನಿನಲ್ಲಿ ಅಡ್ಮಿನ್ ಪುಟ, ಅಂದರೆ ಬಂದ ಆರ್ಡರ್ ನೋಡುವ ಪುಟ, ತೆರೆಯುತ್ತಾರೆ. ಆರ್ಡರ್‌ಗಳ ಪಟ್ಟಿ ಕಾಣುತ್ತದೆ. “ನೋಡ್ರಿ, ಬಂದೈತಲ್ಲ!”

ಪರೀಕ್ಷೆ ಹೀಗೆ ಮಾಡಿ. ಒಂದು ಫೋನಿನಲ್ಲಿ ಆರ್ಡರ್ ಹಾಕಿ, ಬೇರೆ ಫೋನಿನಲ್ಲಿ ಆರ್ಡರ್‌ಗಳ ಪಟ್ಟಿ ನೋಡಿ. ಆಮೇಲೆ ಫಾರ್ಮ್ ತುಂಬಿ, ಬಟನ್ ಒತ್ತುವ ಮುಂಚೆ ಫ್ಲೈಟ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿರಲಿ. ನೆಟ್ ಇಲ್ಲದೆಯೂ ‘ಧನ್ಯವಾದ’ ಬಂದರೆ ಆ ಸಾಲಿಗೂ ಆರ್ಡರ್‌ಗೂ ಸಂಬಂಧವಿಲ್ಲ ಎಂದೇ ಹಿಡಿಯಿರಿ. ಆಫ್‌ಲೈನ್‌ನಲ್ಲಿ ಕೂಡಿಟ್ಟು ಆಮೇಲೆ ಕಳಿಸುವ ವ್ಯವಸ್ಥೆಯನ್ನು ನೀವೇ ಕೇಳಿ ಮಾಡಿಸಿದ್ದರೆ ಮಾತು ಬೇರೆ.

ಟೂಲ್‌ಗೆ ಬಿಡಿಸಿ ಹೇಳಿ: ವಿವರ ಡೇಟಾಬೇಸ್‌ನಲ್ಲಿ ಉಳಿಸು, ಉಳಿಯಿತು ಎಂಬ ಉತ್ತರ ಬಂದ ಮೇಲಷ್ಟೇ ಧನ್ಯವಾದ ತೋರಿಸು, ಆಗದಿದ್ದರೆ ಆಗಲಿಲ್ಲ ಎನ್ನು, ತುಂಬಿದ್ದನ್ನು ಅಳಿಸಬೇಡ.

ಆಗ ಸಾಮಾನ್ಯವಾಗಿ ಸುಪಾಬೇಸ್ ಎಂಬ ಆನ್‌ಲೈನ್ ಡೇಟಾಬೇಸ್ ಸೇವೆ ಬರುತ್ತದೆ, ಜೊತೆಗೆ ಇನ್ನೊಂದು ತೊಡಕು. ಅದರಲ್ಲಿ ‘ರೋ ಲೆವೆಲ್ ಸೆಕ್ಯುರಿಟಿ’ ಎಂಬ ಕಾವಲಿದೆ, ಯಾವ ಸಾಲನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂದು ನಿಯಮ ಹಾಕುವುದು ಅಲ್ಲಿ. ಗಿರಾಕಿ ಆರ್ಡರ್ ಸೇರಿಸಬಹುದು, ಓದುವುದು ಮಾಲೀಕರ ಖಾತೆ ಮಾತ್ರ, ನಮಗೆ ಬೇಕಾದ ನಿಯಮ ಇಷ್ಟೇ. ಆದರೆ ಎಐ ಬರೆದ ಕೋಡ್ ಎಷ್ಟೋ ಸಲ ‘ಇನ್ಸರ್ಟ್’ (ಸೇರಿಸು) ಮುಗಿದ ಕೂಡಲೇ ‘ಸೆಲೆಕ್ಟ್’ (ಓದು) ಸೇರಿಸಿ, ಹಾಕಿದ ಸಾಲನ್ನು ವಾಪಸ್ ಕೇಳುತ್ತದೆ. ಗಿರಾಕಿಗೆ ಓದುವ ಹಕ್ಕಿಲ್ಲದ್ದರಿಂದ ಎರರ್. ನೀವು “ಎರರ್ ಬರ್ತೈತಿ, ಸರಿ ಮಾಡು” ಅನ್ನುತ್ತೀರಿ. ಎಐ ಓದುವ ಹಕ್ಕನ್ನು ಎಲ್ಲರಿಗೂ ತೆರೆದುಬಿಡಬಹುದು, ಇಲ್ಲವೇ ಕಾವಲನ್ನೇ ತೆಗೆಯಬಹುದು. ಎರರ್ ಹೋಗುತ್ತದೆ, ಜೊತೆಗೆ ಗಿರಾಕಿಗಳ ಹೆಸರು, ನಂಬರ್, ವಿಳಾಸ ಬೀದಿಗೆ ಬೀಳುತ್ತವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಇರುವಾಗ ಇದನ್ನು ಹಗುರವಾಗಿ ನೋಡಬೇಡಿ. ಸರಿಯಾದ ಮದ್ದು ಸಣ್ಣದು: ಆ ‘ಸೆಲೆಕ್ಟ್’ ತೆಗೆಸಿ, ನಿಯಮ ಮುಟ್ಟಬೇಡ ಎಂದು ಹೇಳಿ. ‘ಲಾಗಿನ್ ಆದವರು ಓದಬಹುದು’ ಎಂಬ ನಿಯಮವೂ ಸಾಲದು, ಸೈನ್‌ಅಪ್ ತೆರೆದಿದ್ದರೆ ಯಾರು ಬೇಕಾದರೂ ಲಾಗಿನ್ ಆಗುತ್ತಾರೆ.

ಇನ್ನು, ಸುಪಾಬೇಸ್‌ನ ಉಚಿತ ಪ್ಲಾನ್‌ನಲ್ಲಿ ಒಂದು ವಾರ ಬಳಕೆ ಇಲ್ಲದಿದ್ದರೆ ಪ್ರಾಜೆಕ್ಟ್ ನಿಂತುಹೋಗುತ್ತದೆ. ಸೀಸನ್ ವ್ಯಾಪಾರದವರು ತಿಂಗಳುಗಟ್ಟಲೆ ಹಾಗೇ ಬಿಡದೆ ಸುಪಾಬೇಸ್‌ನ ಡ್ಯಾಶ್‌ಬೋರ್ಡ್‌ಗೆ ಹೋಗಿ ಅದನ್ನು ಮತ್ತೆ ಚಾಲು ಮಾಡಿ, ದಸರೆಗೆ ಮುಂಚೆ ಎರಡು ಫೋನಿನ ಪರೀಕ್ಷೆ ಇನ್ನೊಮ್ಮೆ ಮಾಡಿಕೊಳ್ಳಿ.